ತಿಳಿನೀಲಿ ಇಳಿಯದ ಫೋಟೋ

ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಕೆಂಚೇಶಣ್ಣನ ಫೋಟೋ ಸ್ಟುಡಿಯೋ ಇದೆ. ಅಲ್ಲಿ ಸಂಬಳಕ್ಕಿರುವ ದುರುಗೇಶ್ ತನ್ನನ್ನು ಫೋಟೋ ಟೆಕ್ನಿಷಿಯನ್ ಎಂದು ಹೇಳಿಕೊಳ್ಳುತ್ತಾನೆ. ಕೆಂಚೇಶಣ್ಣ ಅವನನ್ನು ‘ಲೇ’ ಎಂದು ಕರೆಯುತ್ತಾನೆ. ಇವೆರಡರ ನಡುವೆ ಎಲ್ಲೋ ಅವನ ನಿಜವಾದ ಹುದ್ದೆ ಇರಬೇಕು. ಬೆಳಗ್ಗೆ ಶಟರ್ ಎತ್ತಿ, ಕಸ ಹೊಡೆದು, ಪ್ರಿಂಟರಿನ ನೆತ್ತಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಊದುಬತ್ತಿ ಬೆಳಗುವುದರಿಂದ ಹಿಡಿದು, ಸಂಜೆ ಅದೇ ಪ್ರಿಂಟರಿಗೆ ಬಟ್ಟೆ ಹೊದಿಸಿ ಮಲಗಿಸುವ ತನಕ ಎಲ್ಲವೂ ಅವನದೇ. ನಡುವೆ ಜನ ಬರುತ್ತಾರೆ. ಕಣ್ಣು ಮುಚ್ಚಬೇಡಿ ಎನ್ನುತ್ತಾನೆ. ಮುಚ್ಚುತ್ತಾರೆ.

ಆ ಪ್ರಿಂಟರಿಗೆ ಆರು ಬಣ್ಣದ ಇಂಕು: ಕಪ್ಪು, ಹಳದಿ, ನೀಲಿ, ರಾಣಿ ಬಣ್ಣ, ಜೊತೆಗೆ ನೀಲಿಯದೂ ರಾಣಿಯದೂ ಒಂದೊಂದು ತಿಳಿ. ಮನುಷ್ಯನ ಚರ್ಮ ಚರ್ಮದಂತೆ ಕಾಣಲು ಈ ತಿಳಿಬಣ್ಣಗಳೇ ಬೇಕು. ಅವು ಹೊರಬರುವ ತೂತುಗಳಿಗೆ ನಾಜಲ್ ಎಂದು ಹೆಸರು. ಕೂದಲು ಕೂಡ ತೂರದಷ್ಟು ಸಣ್ಣವು. ಹವೆ ಒಣಗಿದರೆ ಕಟ್ಟಿಕೊಳ್ಳುತ್ತವೆ, ಧೂಳು ಬಿದ್ದರೆ ಕಟ್ಟಿಕೊಳ್ಳುತ್ತವೆ, ಸುಮ್ಮನೆ ಬಿಟ್ಟರೂ ಕಟ್ಟಿಕೊಳ್ಳುತ್ತವೆ. ಕಟ್ಟಿಕೊಂಡ ದಿನ ಕಂಪ್ಯೂಟರಿನಲ್ಲಿ ಹಳದಿ ತ್ರಿಕೋನವೊಂದು ಮೂಡಿ, ನಾಜಲ್ ಕಟ್ಟಿಕೊಂಡಂತಿದೆ, ಕ್ಲೀನ್ ಮಾಡುತ್ತೀರಾ, ಹಾಗೇ ಕಂಟಿನ್ಯೂ ಮಾಡುತ್ತೀರಾ ಎಂದು ಕೇಳುತ್ತದೆ.

ಮೊದಲ ಸಲ ಅದು ಕೇಳಿದಾಗ ದುರುಗೇಶ್ ಮರ್ಯಾದಸ್ಥನಂತೆ ಕೆಂಚೇಶಣ್ಣನನ್ನು ಕರೆದು ತೋರಿಸಿದ್ದ.

“ಕ್ಲೀನಿಂಗ್ ಕೊಟ್ರೆ ಅರ್ಧ ಬಾಟ್ಲಿ ಇಂಕು ಕುಡಿದು ತೇಗ್ತೈತೆ ಅದು,” ಎಂದಿದ್ದ ಕೆಂಚೇಶಣ್ಣ. “ಕಂಟಿನ್ಯೂ ಒತ್ತು.”

ಒತ್ತಿದ. ಅವತ್ತು ಬಸವಾಪಟ್ಟಣದಿಂದ ಬಂದ ಒಬ್ಬ ಟೀಚರಮ್ಮನ ಫೋಟೋ ಒಳಗಿತ್ತು. ಹೊರಬಂದದ್ದನ್ನು ದುರುಗೇಶ್ ಬೆಳಕಿಗೆ ಹಿಡಿದ. ತಿಳಿನೀಲಿ ಇಳಿದೇ ಇಲ್ಲ. ಟೀಚರಮ್ಮನ ಗೋಧಿಬಣ್ಣದ ಮುಖ ಹಾಲಿಗೆ ಗುಲಾಬಿ ಶರಬತ್ತು ಬೆರೆಸಿದಂತಾಗಿದೆ. ಬೈಗುಳಕ್ಕೆ ಮೈ ಒಡ್ಡಿಕೊಂಡೇ ಅವನು ಕವರ್ ಕೊಟ್ಟ. ಟೀಚರಮ್ಮ ತೆಗೆದು ನೋಡಿದರು. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

“ಎಷ್ಟು ಚೆಂದ ತೆಗೀತೀಯಪ್ಪ ನೀನು! ಇನ್ನೊಂದು ಸೆಟ್ ಹಾಕು.”

ಅಲ್ಲಿಗೆ ಮುಗಿಯಿತು. ಕೆಂಚೇಶಣ್ಣನ ಸ್ಟುಡಿಯೋದಲ್ಲಿ ಫೋಟೋ ಬೆಳ್ಳಗೆ ಬರುತ್ತದೆ ಎಂಬ ಸುದ್ದಿ ಬಸ್ಸು ಹತ್ತಿ ಊರೂರು ತಿರುಗಿತು. ಹಳದಿ ತ್ರಿಕೋನ ದಿನವೂ ಬಂದು ಕೇಳುತ್ತಿತ್ತು, ದುರುಗೇಶ್ ದಿನವೂ ಕಂಟಿನ್ಯೂ ಒತ್ತುತ್ತಿದ್ದ. ಒತ್ತಿ ಒತ್ತಿ ಅವನಿಗೇ ತಾನೊಬ್ಬ ಕಲಾವಿದ ಎನ್ನಿಸತೊಡಗಿತು. ಯಾರೂ ಇಲ್ಲದ ಹೊತ್ತಿನಲ್ಲಿ ತನ್ನದೂ ಒಂದು ಫೋಟೋ ಹಾಕಿಕೊಂಡು ಪರ್ಸಿನಲ್ಲಿಟ್ಟ. ಜಗಳೂರಿನ ಬಿಸಿಲಿನಲ್ಲಿ ಹುಟ್ಟಿ ಬೆಳೆದ, ಕಡಾಯಿ ತಳದ ಬಣ್ಣದ ಹುಡುಗ ಅದರಲ್ಲಿ ಬೇಕರಿ ಕೇಕಿನಂತೆ ಹೊಳೆಯುತ್ತಿದ್ದ. ಅದನ್ನು ಅವನು ಯಾರಿಗೂ ತೋರಿಸಲಿಲ್ಲ. ದಿನಕ್ಕೊಮ್ಮೆ ತಾನೇ ನೋಡಿಕೊಳ್ಳುತ್ತಿದ್ದ.

ಅವನ ಅಕ್ಕ ಮಮತಾ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಅವರ ಅಪ್ಪ ತೀರಿಕೊಂಡ ಮೇಲೆ ಜಗಳೂರು ಬಿಟ್ಟು ಚನ್ನಗಿರಿಗೆ ಮನೆ ತಂದವಳು ಅವಳೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ರೂಟಿನಲ್ಲಿ ಅವಳ ಸೀಟಿ ಕೇಳಿದರೆ ಫುಟ್‌ಬೋರ್ಡಿನ ಹುಡುಗರು ತಾವಾಗಿ ಒಳಗೆ ಸರಿಯುತ್ತಾರೆ. ಕಪ್ಪಿನಲ್ಲಿ ತಮ್ಮನಿಗಿಂತ ಒಂದು ಕೈ ಮೇಲು. ಅವಳನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನೌಕರಿ ಬಗ್ಗೆ ಎರಡು ಮಾತಾಡಿ, ತಿಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ತಿಳಿಸುತ್ತಿರಲಿಲ್ಲ.

ಇಂಥದ್ದರಲ್ಲಿ ನ್ಯಾಮತಿಯಿಂದ ಒಂದು ಸಂಬಂಧ ಬಂತು. ತಂದವಳು ಅವರ ತಾಯಿ ಉಡಚಮ್ಮನ ದೂರದ ನೆಂಟಳು ಭೀಮಕ್ಕ. ಹುಡುಗ ರವಿಕುಮಾರ್, ದನದ ಆಸ್ಪತ್ರೆಯಲ್ಲಿ ಅಟೆಂಡರ್. ಹುಡುಗಿ ಮದುವೆಯಾದ ಮೇಲೂ ಡ್ಯೂಟಿ ಬಿಡಬೇಕಿಲ್ಲ, ಬೆಳಗಿನ ಪಾಳಿ ಇದ್ದರೆ ನಾನೇ ಅಡುಗೆ ಮಾಡಿಡುತ್ತೇನೆ ಎಂದಿದ್ದನಂತೆ. ಇದನ್ನು ಕೇಳಿ ಮಮತಾ ನಕ್ಕಿದ್ದಳು. ಆದರೆ ಸ್ವಲ್ಪ ಹೊತ್ತು ಬಿಟ್ಟು, ಬೇರೆ ಏನೋ ಕೇಳುವವಳಂತೆ, “ಹೆಸ್ರು ಏನಂದ್ಲು ಭೀಮಕ್ಕ?” ಎಂದೂ ಕೇಳಿದ್ದಳು. ಅಷ್ಟೂ ಸಂಬಂಧಗಳಲ್ಲಿ ಅವಳು ಹೆಸರು ಕೇಳಿದ್ದು ಅದೊಂದರದೇ.

ಹುಡುಗನ ತಾಯಿ ಹೊನ್ನೂರಮ್ಮನಿಗೆ ಮನೆದೇವರ ಅಪ್ಪಣೆಯಿಲ್ಲದೆ ಒಂದು ಹೆಜ್ಜೆಯೂ ಇಲ್ಲ. ಬಸವಾಪಟ್ಟಣದ ಆಚೆಯ ಹಳ್ಳಿಯೊಂದರಲ್ಲಿ ಅವರ ದೇವರು. ಪೂಜಾರಿ ದೇವರ ಮೈಗೆ ಒದ್ದೆ ಹೂ ಅಂಟಿಸುತ್ತಾನೆ, ಪಾದದ ಬಳಿ ಹುಡುಗಿಯ ಫೋಟೋ ಇಡುತ್ತಾನೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ರವಿಕುಮಾರನಿಗೆ ಹಿಂದೆ ಬಂದ ಸಂಬಂಧಗಳೆಲ್ಲ ಎಡಕ್ಕೇ ಬಿದ್ದಿದ್ದವು. ಪಾದದ ಬಳಿ ಇಡಲು ಕಾಗದದ ಫೋಟೋನೇ ಆಗಬೇಕು.

“ಮೊಬೈಲಿನಾಗೆ ಕಳ್ಸಿದ್ರೆ ಆಗಲ್ವಂತಾ?” ಎಂದು ದುರುಗೇಶ್ ಕೇಳಿದ್ದಕ್ಕೆ ಭೀಮಕ್ಕ, “ದೇವ್ರ ಪಾದದಾಗೆ ಮೊಬೈಲ್ ಇಡ್ತಾರೇನೋ? ಹೂ ಬೀಳೋ ಹೊತ್ನಾಗೆ ಯಾವನಾದ್ರೂ ಲೋನ್ ಬೇಕಾ ಅಂತ ಫೋನ್ ಮಾಡಿದ್ರೆ?” ಎಂದಳು. ಮಮತಾಗೂ ತನ್ನ ಮುಖ ಮೊಬೈಲುಗಳಲ್ಲಿ ಓಡಾಡುವುದು ಬೇಕಿರಲಿಲ್ಲ. ಚಿಲ್ಲರೆ ಜಗಳವೊಂದನ್ನು ಯಾರೋ ವಿಡಿಯೋ ಮಾಡಿ ಹರಿಬಿಟ್ಟಂದಿನಿಂದ ಅವಳು ಆ ವಿಷಯದಲ್ಲಿ ಗಟ್ಟಿಯಾಗಿದ್ದಳು.

ದುರುಗೇಶನೇ ಫೋಟೋ ತೆಗೆದ. ಸಾಸಿವೆ ಬಣ್ಣದ ಸೀರೆ, ಹರವಿಕೊಂಡ ಕೂದಲು. ಚೆನ್ನಾಗಿ ಬಂದಿತ್ತು. ಪ್ರಿಂಟ್ ಕೊಟ್ಟ. ತ್ರಿಕೋನ ಬಂದು ಕೇಳಿತು. ಬೆರಳು ಒಂದು ಕ್ಷಣ ನಿಂತಿತು ಎಂದು ಆಮೇಲೆ ಅವನು ತನಗೆ ತಾನೇ ಹೇಳಿಕೊಂಡ. ನಿಂತಿರಲಿಲ್ಲ. ಉಡಚಮ್ಮ ಆ ಫೋಟೋ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಮತಾ ನೋಡಲೇ ಇಲ್ಲ. “ನನ್ನ ಮಕ ನಂಗೆ ಗೊತ್ತಿಲ್ವಾ, ಕಳ್ಸು,” ಎಂದು ಡ್ಯೂಟಿಗೆ ಹೋದಳು.

ಒಂದು ಬುಧವಾರ ಅವಳು ಡ್ಯೂಟಿ ಮುಗಿಸಿ ಬಂದವಳು ಕೈಕಾಲು ಕೂಡ ತೊಳೆಯದೆ, ಖಾಕಿಯಲ್ಲೇ ಕಟ್ಟೆಯ ಮೇಲೆ ಕೂತಳು.

“ದುರುಗ, ಬಾ ಇಲ್ಲಿ.”

ಆ ದನಿ ಅವನಿಗೆ ಗೊತ್ತು. ಟಿಕೆಟ್ ತೆಗೆಯದ ಪ್ರಯಾಣಿಕನನ್ನು ಕರೆಯುವ ದನಿ. ಹೋಗಿ ನಿಂತ.

“ಇವತ್ತು ಹೊನ್ನಾಳ್ಯಾಗೆ ಒಬ್ಬಾಕೆ ಹತ್ತಿದ್ಲು. ನ್ಯಾಮತಿ ಅಂದ್ಲು, ಆಧಾರ್ ತೋರಿಸಿದ್ಲು, ಜೀರೋ ಟಿಕೆಟ್ ಕೊಟ್ಟೆ. ಕೂತ್ಕಂಡ್ಮ್ಯಾಲೆ ಸೆರಗಿನೊಳಗಿಂದ ಒಂದು ಕವರ್ ತೆಗೆದ್ಲು. ‘ಈ ಹುಡುಗಿನೂ ನಿನ್ನಂಗೆ ಕಂಡಕ್ಟರ್ ಅಂತೆ ಕಣವ್ವ, ಗೊತ್ತೇನು ನಿಂಗೆ?’ ಅಂತ ಕೇಳಿದ್ಲು.”

ದುರುಗೇಶ್ ಕಟ್ಟೆಯ ಅಂಚು ಹಿಡಿದುಕೊಂಡ.

“ನೋಡಿದೆ. ಸೀರೆ ನಂದು, ಕಿವಿ ಓಲೆ ನಂದು. ನನ್ನ ಎದಿ ಮ್ಯಾಲೆ ಹೆಸ್ರಿನ ಪಟ್ಟಿ ಐತೆ, ಆದ್ರೆ ಆಕೆಗೆ ಓದಾಕೆ ಬರಲ್ಲ. ಗೊತ್ತು ಅಂದೆ. ಹೆಂಗದಾಳೆ ಅಂದ್ಲು. ಒಳ್ಳೇಕೆನೇ, ಆದ್ರೆ ಬಣ್ಣ ಇದಲ್ಲಮ್ಮ, ಆಕೆ ನನ್ನಷ್ಟೇ ಕಪ್ಪು ಅಂದೆ.” ಮಮತಾ ಟಿಕೆಟ್ ಚೀಲವನ್ನು ಕಟ್ಟೆಗೆ ಇಳಿಸಿದಳು. “ಆಕೆ ನನ್ನ ಮ್ಯಾಗಿಂದ ಕೆಳಗಂಟ ನೋಡಿ ನಕ್ಲು. ‘ನಿಂಗೆ ಹೊಟ್ಟೆಕಿಚ್ಚು ಕಣವ್ವ,’ ಅಂದ್ಲು.”

ಒಳಗೆ ರೊಟ್ಟಿ ತಟ್ಟುತ್ತಿದ್ದ ಉಡಚಮ್ಮನ ಕೈ ನಿಂತಿತು. ದುರುಗೇಶನಿಗೆ ನಗು ಬಂತು. ಅದು ಗಂಟಲಿನವರೆಗೆ ಬಂದು, ಮುಂದಕ್ಕೆ ಹೋಗಲು ಧೈರ್ಯವಿಲ್ಲದೆ ಅಲ್ಲೇ ಕೂತಿತು.

“ನಾನೇ ಆಕೆ ಅಂತ ಹೇಳಬೇಕಿತ್ತು ಅಕ್ಕ.”

“ಹೆಂಗೆ ಹೇಳ್ಲಿ? ಸುತ್ತ ಜನ. ಆ ಫೋಟೋ ನಂದು ಅಂದಿದ್ರೆ ಬಸ್ಸಿಗೆ ಬಸ್ಸೇ ನಗ್ತಿತ್ತು.” ಅವಳು ಟೋಪಿಯಿಲ್ಲದ ತಲೆಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡಳು. “ಸೋಮವಾರ ಬೆಳಿಗ್ಗೆ ಹೂ ಕೇಳ್ತಾರಂತೆ. ಅಷ್ಟರಾಗೆ ನನ್ನ ಫೋಟೋ ಕೊಡು. ಆಕೇದಲ್ಲ.”

“ಆಕೆ ಅಂದ್ರೆ?”

“ನೀನು ಆ ಮಿಷನ್ನಿನಾಗೆ ಹೆತ್ತಿದ್ದೀಯಲ್ಲ, ಆಕೆ.”

ಉಡಚಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ಬಿಡೇ ಮಮತಾ. ಎಲ್ರೂ ಹಂಗೇ ಕೊಡ್ತಾರೆ. ಒಂದ್ಸಲ ಹೂ ಆಗ್ಲಿ. ಹೂ ಆದ್ಮ್ಯಾಲೆ ಹುಡುಗಿ ಹೆಂಗಿದ್ರೂ ಯಾರೂ ಬ್ಯಾಡ ಅನ್ನಲ್ಲ.”

“ಇಲ್ಲಿಗಂಟ ಬಂದೋರೆಲ್ಲ ಬ್ಯಾಡ ಅಂದ್ರಲ್ಲವ್ವ,” ಎಂದಳು ಮಮತಾ, ತಾಯಿಯ ಕಡೆ ನೋಡದೆ. “ನನ್ನ ನೋಡಿ ಬ್ಯಾಡ ಅಂದ್ರು. ಅದಾದ್ರೂ ನಂದಾಗಿತ್ತು.”

ಉಡಚಮ್ಮ ತಿರುಗಿ ಒಲೆಯ ಕಡೆ ಹೋದಳು.

ಮರುದಿನ ದುರುಗೇಶ್ ಬಾಗಿಲು ತೆಗೆದವನು ಊದುಬತ್ತಿಗಿಂತ ಮೊದಲು ನಾಜಲ್ ಚೆಕ್ ಹಾಕಿದ. ಎಲ್ಲ ತೂತುಗಳೂ ತೆರೆದಿದ್ದರೆ ಕಾಗದದ ಮೇಲೆ ಆರು ಬಣ್ಣದ ಮೆಟ್ಟಿಲುಗೆರೆಗಳು ಬರಬೇಕು. ಐದು ಬಂದವು. ಆರನೆಯ ಜಾಗದಲ್ಲಿ, ಹಲ್ಲು ಉದುರಿದ ಬಾಚಣಿಗೆಯಂತೆ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕಿ. ಕಂಟಿನ್ಯೂ ಒತ್ತಿದ ದಿನಗಳೆಲ್ಲ ಅಲ್ಲಿ ಒಣಗಿ ಗಟ್ಟಿಯಾಗಿ ಕೂತಿದ್ದವು. ಕ್ಲೀನಿಂಗ್ ಒತ್ತಿದ. ಪ್ರಿಂಟರ್ ಮುಲುಕಿತು, ಕೆಮ್ಮಿತು, ಸುಮ್ಮನಾಯಿತು. ಮತ್ತೆ ಚೆಕ್. ಅದೇ ಬಾಚಣಿಗೆ. ಮತ್ತೆ ಕ್ಲೀನಿಂಗ್.

ಆ ಮುಲುಕಾಟ ಕೇಳಿಯೇ ಕೆಂಚೇಶಣ್ಣ ಹೊರಗೆ ಟೀ ಲೋಟ ಬಿಟ್ಟು ಓಡಿಬಂದ.

“ಲೇ, ಏನ್ ಮಾಡ್ತಿದೀಯ?”

“ಕ್ಲೀನಿಂಗ್ ಅಣ್ಣ. ತಿಳಿನೀಲಿ ಇಳೀತಿಲ್ಲ.”

“ಇಳೀಬಾರ್ದು ಅಂತಾನೆ ಬಿಟ್ಟಿರೋದು! ಜನ ಹೊನ್ನಾಳಿಯಿಂದ ಬಸ್ ಹತ್ತಿ ಬರ್ತಾರೆ ಆ ಬಿಳುಪಿಗೆ. ಇದ್ದಂಗೆ ತೋರ್ಸಾಕೆ ಅವ್ರ ಮನ್ಯಾಗೆ ಕನ್ನಡಿ ಇಲ್ವಾ?”

ದುರುಗೇಶ್ ವಿಷಯ ಹೇಳಿದ. ಬಸ್ಸಿನ ಕತೆಯನ್ನೂ ಹೇಳಿದ. ಕೆಂಚೇಶಣ್ಣ ಮೊದಲು ನಕ್ಕ. ಹೊಟ್ಟೆಕಿಚ್ಚು ಎನ್ನುವಲ್ಲಿಗೆ ಬಂದಾಗ ನಗು ನಿಲ್ಲಿಸಿ ಬೀಡಿ ಹುಡುಕಿದ. “ಇಂಕು ನಿನ್ನ ಸಂಬಳದಾಗೆ ಹಿಡ್ಕಂತೀನಿ,” ಎಂದು ಹೊರಗೆ ಹೋದ. ಅವನ ಬಾಯಲ್ಲಿ ಅದು ಅನುಮತಿ.

ಮಧ್ಯಾಹ್ನದ ಹೊತ್ತಿಗೆ ಪರಿಸ್ಥಿತಿ ಕೆಟ್ಟಿತು. ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಕೊಟ್ಟದ್ದಕ್ಕೆ ತಿಳಿನೀಲಿ ಬಿಡಲಿಲ್ಲ, ಬದಲಿಗೆ ಇಲ್ಲಿಯ ತನಕ ನೆಟ್ಟಗಿದ್ದ ತಿಳಿರಾಣಿಯೂ ಮುನಿಸಿಕೊಂಡಿತು. ಮಮತಾಳ ಫೋಟೋ ಹಾಕಿ ನೋಡಿದ. ಮುಖ ಪಾಚಿ ಬಣ್ಣಕ್ಕೆ ತಿರುಗಿ, ಅದರ ಮೇಲೆ ಅಡ್ಡಡ್ಡ ಬಿಳಿ ಗೆರೆ ಬಂದಿದ್ದವು. ಜೈಲಿನ ಕಂಬಿಯ ಹಿಂದಿನಿಂದ ಅಕ್ಕ ತನ್ನನ್ನೇ ನೋಡುತ್ತಿರುವಂತೆ ಕಂಡಿತು. ಒಳಗಿರಬೇಕಾದವನು ಯಾರು ಎಂದು ಅವನಿಗೆ ಸಂಶಯವಿರಲಿಲ್ಲ. ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅಂಗಡಿಯ ಬುಟ್ಟಿಗೆ ಹಾಕಲು ಕೈ ಬರಲಿಲ್ಲ.

ಶುಕ್ರವಾರ ಅವನಿಗೆ ಒಂದು ಬುದ್ಧಿವಂತ ಯೋಚನೆ ಬಂತು. ಅವನ ಬುದ್ಧಿವಂತ ಯೋಚನೆಗಳ ಚರಿತ್ರೆ ಚೆನ್ನಾಗಿಲ್ಲ, ಆದರೂ ಬಂತು. ಹೊನ್ನಾಳಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಗೆಳೆಯನಿಗೆ ಫೋಟೋ ಕಳಿಸಿ, ಪ್ರಿಂಟ್ ಹಾಕಿ ಬಸ್ಸಿನಲ್ಲಿ ಕಳಿಸು ಎಂದ. ಸಂಜೆ ಕವರ್ ಬಂತು. ಬಿಚ್ಚಿದ. ಅದರಲ್ಲಿದ್ದ ಹೆಂಗಸು ಮೊದಲಿನವಳಿಗಿಂತಲೂ ಬಿಳಿ. ಮೂಗು ಸ್ವಲ್ಪ ಚೂಪಾಗಿತ್ತು. ಗಲ್ಲದ ಮೇಲಿದ್ದ ಸುಟ್ಟ ಕಲೆ, ಚಿಕ್ಕಂದಿನಲ್ಲಿ ತಮ್ಮನಿಗೆ ಹಾಲು ಕಾಯಿಸಲು ಹೋಗಿ ಆದದ್ದು, ಅದು ಇರಲೇ ಇಲ್ಲ.

ಫೋನ್ ಮಾಡಿ ಕೂಗಾಡಿದ.

“ಮದ್ವೆ ಫೋಟೋ ಅಂದ್ಯಲ್ಲೋ!” ಎಂದ ಗೆಳೆಯ, ನಿಜವಾಗಿಯೂ ನೊಂದು. “ಇದ್ದಂಗೆ ಹಾಕಿದ್ರೆ ನಮ್ಮ ಓನರ್ ಬೈತಾರೆ. ನಿನ್ನಕ್ಕ ಅಂತ ಅರ್ಧ ಗಂಟೆ ಕೂತು ಮಾಡೀನಿ.”

ಅಲ್ಲಿಗೆ ಎರಡು ತಾಲ್ಲೂಕಿನಲ್ಲಿ ಅಕ್ಕನನ್ನು ಇದ್ದ ಹಾಗೆ ತೋರಿಸುವ ಯಂತ್ರ ಯಾವುದೂ ಇಲ್ಲ ಎಂದಾಯಿತು. ದುರುಗೇಶ್ ತನ್ನ ಪ್ರಿಂಟರಿನ ಮುಂದೆಯೇ ಬಂದು ಕೂತ.

ಉಪಾಯ ಹೇಳಿದ್ದು ಮಮತಾಳೇ. ಬಸ್ಸಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಉಪ್ಪಿನಂಶ ಇರುವುದಿಲ್ಲ, ಅದನ್ನು ಬೆಚ್ಚಗೆ ಮಾಡಿ ಹಾಕಿದರೆ ಒಣಗಿದ್ದು ಕರಗೀತು ಎಂದು ಅವಳ ಡ್ರೈವರ್ ಅಂದನಂತೆ. ಬ್ಯಾಟರಿ ಅಂಗಡಿಯಿಂದ ಒಂದು ಬಾಟಲಿ ಕೊಂಡು ತಂದು ಕೌಂಟರಿನ ಮೇಲಿಟ್ಟು ಡ್ಯೂಟಿಗೆ ಹೋದಳು. ಶನಿವಾರವೆಲ್ಲ ದುರುಗೇಶ್ ಮೆತ್ತನೆಯ ಕಾಗದವನ್ನು ಆ ನೀರಿನಲ್ಲಿ ನೆನೆಸಿ, ಮಡಚಿ, ನಾಜಲ್‌ಗಳಿರುವ ಇಂಕಿನ ಹೆಡ್ಡಿನ ಕೆಳಗೆ ತಳ್ಳಿ ಕಾದ. ಎಳೆದಾಗ ಕಾಗದದ ಮೇಲೆ ನೀಲಿಯ ಜೊತೆ ಬೂದಿ ಬಣ್ಣದ ಕೆಸರು ಬಂತು. ಬೆರಳಲ್ಲಿ ಉಜ್ಜಿ, ಮೂಸಿ ನೋಡಿದ. ವಿಭೂತಿ. ದಿನಾ ಬೆಳಗ್ಗೆ ಭಕ್ತಿಯಿಂದ ನೆತ್ತಿಗೆ ಎಳೆದದ್ದು ಉದುರಿ ಉದುರಿ ಒಳಗಿಳಿದು, ಇಂಕಿನ ಜೊತೆ ಕಲೆತು ಗಾರೆಯಾಗಿತ್ತು.

ಕೆಂಚೇಶಣ್ಣನಿಗೆ ತೋರಿಸಿದ. ಅವನು ಕಾಗದವನ್ನು ಕಣ್ಣಿಗೊತ್ತಿಕೊಂಡ. “ದೇವ್ರೇ ಮುಚ್ಚಿದ್ದು ಅದನ್ನ. ನೀನು ತೆಗೀತಿದೀಯ,” ಎಂದ. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

ಭಾನುವಾರ ಕತ್ತಲಾಗುವ ಮುಂಚೆ ಮೆಟ್ಟಿಲುಗೆರೆಗಳು ಆರೂ ಬಂದವು. ತಿಳಿನೀಲಿಯಲ್ಲಿ ಒಂದೇ ಒಂದು ಹಲ್ಲು ಮಾತ್ರ ಬರಲಿಲ್ಲ. ಎಷ್ಟು ಬೇಡಿಕೊಂಡರೂ ಬರಲಿಲ್ಲ. ಇನ್ನು ಇಂಕು ಉಳಿದಿರಲಿಲ್ಲ, ಕಾಯುವ ಹೊತ್ತೂ ಇರಲಿಲ್ಲ. ಪ್ರಿಂಟ್ ಕೊಟ್ಟ. ತ್ರಿಕೋನ ಮೂಡಿತು. ಈ ಸಲ ಅವನ ಬೆರಳು ನಿಜವಾಗಿಯೂ ನಿಂತಿತು. ನಿಂತು, ಬೇರೆ ದಾರಿಯಿಲ್ಲದೆ ಒತ್ತಿತು.

ಅಕ್ಕ ಬಂದಳು. ಸಾಸಿವೆ ಸೀರೆ, ಹರವಿದ ಕೂದಲು, ಹೊಳೆಯುವ ಎಣ್ಣೆಗಪ್ಪು, ಗಲ್ಲದ ಮೇಲಿನ ಕಲೆ. ಎಡಗೆನ್ನೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಅಡ್ಡ ಹಾದಿತ್ತು. ಮನೆಗೆ ಒಯ್ದು ತೋರಿಸಿದ. ಮಮತಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತನ್ನ ಮುಖ ತನಗೆ ಗೊತ್ತಿಲ್ಲವೇ ಎಂದು ಈ ಸಲ ಅನ್ನಲಿಲ್ಲ.

“ಗೆರೆ ಐತಲ್ಲ.”

“ಒಂದು ನಾಜಲ್ ಬಿಡ್ಲಿಲ್ಲ ಅಕ್ಕ.”

“ಇರ್ಲಿ ಬಿಡು. ನಾನೇ,” ಎಂದಳು. ಅವಳಿಗೆ ಬೆಳಗ್ಗೆ ಡ್ಯೂಟಿ. ದುರುಗೇಶನೇ ಒಯ್ಯಬೇಕು ಎಂದಾಯಿತು.

ಸೋಮವಾರ ಮೊದಲ ಬಸ್ಸಿಗೆ ಹೊರಟು, ಬಸವಾಪಟ್ಟಣದಲ್ಲಿ ಇಳಿದು, ಆಟೋ ಹಿಡಿದು ಆ ಹಳ್ಳಿಗೆ ಮುಟ್ಟಿದಾಗ ಬಿಸಿಲು ಗುಡಿಯ ಮೆಟ್ಟಿಲಿಗೆ ಬಂದಿತ್ತು. ಒಳಗೆ ಗಂಟೆ ಮೊಳಗುತ್ತಿತ್ತು. ಅವನು ಚಪ್ಪಲಿ ಬಿಟ್ಟು ಬಾಗಿಲಿಗೆ ಕಾಲಿಡುವುದಕ್ಕೂ “ಆಯ್ತು! ಬಲಕ್ಕೆ ಆಯ್ತು!” ಎಂದು ಪೂಜಾರಿ ಕೂಗುವುದಕ್ಕೂ ಸರಿಹೋಯಿತು.

ಹೊನ್ನೂರಮ್ಮ ದಪ್ಪ ಕನ್ನಡಕದ, ಗಟ್ಟಿ ಮೈಕಟ್ಟಿನ ಹೆಂಗಸು. ಅವಳ ಕಣ್ಣಲ್ಲಿ ನೀರಿತ್ತು. ಪಕ್ಕದಲ್ಲಿ ತೆಳ್ಳನೆಯ ರವಿಕುಮಾರ್, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಯಾರ ಮುಖವನ್ನೂ ನೋಡಲಾಗದೆ ನೆಲ ನೋಡುತ್ತ ನಗುತ್ತಿದ್ದ. ದೇವರ ಪಾದದ ಬಳಿ, ಬಿದ್ದ ಹೂವಿನ ಪಕ್ಕ, ಆ ಬಿಳಿ ಹುಡುಗಿ.

“ಯಾರಪ್ಪ ನೀನು?”

“ದುರುಗೇಶ್. ಚನ್ನಗಿರಿ. ಹುಡುಗಿ ತಮ್ಮ.”

“ಅಯ್ಯೋ, ಬೀಗರೇ! ನೀನು ಕಾಲಿಟ್ಟೆ, ಹೂ ಆಯ್ತು ನೋಡಪ್ಪ!” ಎಂದವಳೇ ತಟ್ಟೆಯಿಂದ ಒಂದು ಹಿಡಿ ಸಕ್ಕರೆ ತೆಗೆದು ಅವನ ಬಾಯಿಗೆ ತುರುಕಿದಳು. “ಎಷ್ಟು ಸಲ ಎಡಕ್ಕೆ ಬಿದ್ದು ಬಿದ್ದು ನನ್ನ ಮಗ ಸೊರಗಿದ್ದ. ಈ ಹುಡುಗಿಗೆ ಬಲಕ್ಕಾಯ್ತು!”

ಬಾಯಿ ತುಂಬ ಸಕ್ಕರೆ. ಮಾತಾಡಲು ಆಗುವುದಿಲ್ಲ. ದುರುಗೇಶನಿಗೆ ಒಂದು ಕ್ಷಣ, ಇದೇ ಪೂರ್ತಿ ಪರಿಹಾರ ಎನ್ನಿಸಿತು. ಸಕ್ಕರೆ ಕರಗುವ ತನಕ ಸುಮ್ಮನಿದ್ದು, ಕರಗಿದ ಮೇಲೂ ಸುಮ್ಮನಿದ್ದು ಬಸ್ಸು ಹತ್ತಿದರಾಯಿತು. ಹೂ ಆದ ಮೇಲೆ ಯಾರೂ ಬೇಡ ಎನ್ನುವುದಿಲ್ಲ. ಅವ್ವ ಹೇಳಿದ್ದಳಲ್ಲ. ದೇವರೇ ಕಂಟಿನ್ಯೂ ಒತ್ತಿದ್ದಾನೆ. ಜೇಬಿನಲ್ಲಿದ್ದ ಕವರಿನ ಮೂಲೆ ಎದೆಗೆ ಚುಚ್ಚುತ್ತಿತ್ತು. ಬಸ್ಸಿನಲ್ಲಿ ಇದೇ ಹೆಂಗಸಿನ ಎದುರು ನಿಂತು, ಈಕೆ ನನ್ನಷ್ಟೇ ಕಪ್ಪು ಎಂದವಳು ನೆನಪಾದಳು. ಸುತ್ತಲೂ ಅಷ್ಟು ಜನರಿದ್ದರೂ ಅವಳು ಅಷ್ಟಾದರೂ ಅಂದಿದ್ದಳು.

ಸಕ್ಕರೆಯನ್ನು ಗುಳಕ್ಕನೆ ನುಂಗಿ, ಕವರ್ ತೆಗೆದು ಕೊಟ್ಟ.

“ಅಮ್ಮ, ಆ ಫೋಟೋ ಸರಿಯಿಲ್ಲ. ನಮ್ಮ ಪ್ರಿಂಟರಿನಾಗೆ ಒಂದು ಬಣ್ಣ ಇಳೀತಿರ್ಲಿಲ್ಲ. ಗೊತ್ತಿದ್ದೂ ನಾನೇ ಹಾಕ್ದೆ. ಅಕ್ಕಂಗೆ ಗೊತ್ತಿರ್ಲಿಲ್ಲ. ಅಕ್ಕ ಹಿಂಗದಾಳೆ.”

ಹೊನ್ನೂರಮ್ಮ ಫೋಟೋ ಇಸಿದುಕೊಂಡಳು. ಕನ್ನಡಕ ಸರಿಮಾಡಿಕೊಂಡು ನೋಡಿದಳು. ನಗು ನಿಧಾನಕ್ಕೆ ಇಳಿಯಿತು.

“ಈಕೆ… ಬಸ್ಸಿನಾಗೆ…”

“ಹೂನ್ರಿ.”

“ನಾನು ಆಕೆಗೆ…” ಎಂದು ಹೊನ್ನೂರಮ್ಮ ಅರ್ಧಕ್ಕೇ ನಿಲ್ಲಿಸಿದಳು. ಹೊಟ್ಟೆಕಿಚ್ಚು ಎಂಬ ಮಾತು ಮೂವರ ನಡುವೆ ಬಂದು ನಿಂತಿತು. ಪೂಜಾರಿಗೆ ಪಾಪ ಅನ್ನಿಸಿತೋ ದಕ್ಷಿಣೆಯ ಚಿಂತೆಯೋ, “ದೇವ್ರಿಗೆ ಬಣ್ಣ ಕಾಣ್ತೈತೇನಮ್ಮ? ಹುಡುಗಿ ಯಾರು ಅಂತ ಗೊತ್ತಿದ್ದೇ ಕೊಟ್ಟಾನೆ,” ಎಂದ. ಹೊನ್ನೂರಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ರವಿಕುಮಾರ್ ತಾಯಿಯ ಕೈಯಿಂದ ಫೋಟೋ ತೆಗೆದುಕೊಂಡ. ಅವನ ಮುಖದಲ್ಲಿ ಏನಿತ್ತೆಂದು ದುರುಗೇಶ್ ಹುಡುಕಿದ. ಸಿಗಲಿಲ್ಲ.

“ಕೆನ್ನೆ ಮ್ಯಾಗೆ ಗೆರೆ ಏನು?” ಎಂದ ಅವನು.

“ಅದು ಆಕೆಗಿಲ್ರೀ. ಪ್ರಿಂಟರಿಂದು. ಒಂದು ನಾಜಲ್ ಇನ್ನೂ ಕಟ್ಕಂಡೈತೆ.”

ಅವನು ತಲೆಯಾಡಿಸಿದ. ಹೊನ್ನೂರಮ್ಮ ದೇವರಿಗೆ ಕೈಮುಗಿದು, “ಮನೆಗೆ ಹೋಗಿ ಮಾತಾಡಿ ತಿಳಿಸ್ತೀವಪ್ಪ,” ಎಂದಳು. ಆ ಮಾತು ದುರುಗೇಶನಿಗೆ ಹೊಸದಲ್ಲ.

ಆದರೆ ಈ ಮನೆಯವರು ತಿಳಿಸಿದರು. ಭೀಮಕ್ಕನೇ ಬಂದಳು, ಕವರ್ ಹಿಡಿದುಕೊಂಡು. ಕುಡಿಯಲು ನೀರು ಕೂಡ ಬೇಡವೆಂದಳು.

“ಬ್ಯಾಡ ಅಂದ್ರು. ಬಣ್ಣಕ್ಕಲ್ಲವಂತೆ, ಹಂಗಂತ ಆಣೆ ಮಾಡಿ ಹೇಳಿದ್ಲು ಹೊನ್ನೂರಮ್ಮ. ಹುಡುಗಿ ಬಂಗಾರ ಅಂದ್ಲು. ಆದ್ರೆ ದೇವ್ರ ಪಾದಕ್ಕೆ ಸುಳ್ಳು ಫೋಟೋ ಕೊಟ್ಟ ಮನಿ ಜೊತೆ ಬೀಗತನ ಹೆಂಗೆ ಮಾಡದು ಅಂದ್ಲು. ತಿರುಗಿ ಹೂ ಕೇಳಾಕೂ ಬರಲ್ಲವಂತೆ, ಒಂದ್ಸಲ ಆಗೈತಲ್ಲ.”

ಉಡಚಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮಮತಾ ಕವರ್ ತೆಗೆದು ನೋಡಿದಳು. ಒಳಗೆ ಬಿಳಿ ಹುಡುಗಿ ಒಬ್ಬಳೇ ಇದ್ದಳು.

“ಇನ್ನೊಂದು?”

“ಅದು ಎಲ್ಲಿಟ್ಟೀವೋ ಸಿಗ್ಲಿಲ್ಲ ಅಂದ್ರವ್ವ.”

ಭೀಮಕ್ಕ ಹೋದ ಮೇಲೆ ದುರುಗೇಶ್ ಅವಳ ಎದುರು ಹೋಗಿ ನಿಂತ. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು. ಅವಳು ಕವರನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

“ಬಣ್ಣಕ್ಕೇನೋ?” ಎಂದಳು, ಅವನನ್ನಲ್ಲ, ಕವರನ್ನು ಕೇಳುವಂತೆ. “ಮೊದ್ಲೇ ನನ್ನ ಫೋಟೋ ಹೋಗಿದ್ರೆ, ಬ್ಯಾಡ ಅಂದಿದ್ರೂ ಯಾಕೆ ಅಂತ ಗೊತ್ತಾಗ್ತಿತ್ತು. ಹೂ ಬಿದ್ದಿದ್ರೆ ನಂಗೇ ಬಿತ್ತು ಅಂತಾನೂ ಗೊತ್ತಾಗ್ತಿತ್ತು. ಈಗ ಎರಡೂ ಇಲ್ಲ ನೋಡು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಆಮೇಲೆ ಸ್ಟುಡಿಯೋದಲ್ಲಿ ಫೋಟೋಗಳು ಇದ್ದವರು ಇದ್ದಂತೆ ಬರತೊಡಗಿದವು. ಬಸವಾಪಟ್ಟಣದ ಟೀಚರಮ್ಮ ಬಂದು, ಯಾಕಪ್ಪ ಕೈ ಕೆಟ್ಟಿತಾ ಎಂದು ಕೇಳಿ ಬೇರೆ ಸ್ಟುಡಿಯೋಗೆ ಹೋದರು. ಕೆಂಚೇಶಣ್ಣ ಹಲ್ಲು ಕಡಿದು, ವಿಭೂತಿಯನ್ನು ಈಗ ಪ್ರಿಂಟರ್ ಬಿಟ್ಟು ಗೋಡೆಗೆ ಹಚ್ಚಿಸುತ್ತಾನೆ. ಪರ್ಸಿನೊಳಗಿನ ಬೇಕರಿ ಕೇಕನ್ನು ದುರುಗೇಶ್ ಹರಿದು ಹಾಕಿದ. ಹಾಕುವ ಮುಂಚೆ ಒಮ್ಮೆ ನೋಡಿಕೊಂಡ, ಅಷ್ಟು ದೊಡ್ಡ ಮನುಷ್ಯನೇನೂ ಅವನಲ್ಲ. ಒಂದು ನಾಜಲ್ ಮಾತ್ರ ಇನ್ನೂ ಬಿಟ್ಟಿಲ್ಲ. ಅವನ ಕೈಯಿಂದ ಹೊರಬೀಳುವ ಪ್ರತಿ ಮುಖದ ಮೇಲೂ, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವ ಗೆರೆಯೊಂದು ಹಾದಿರುತ್ತದೆ. ಜನಕ್ಕೆ ಕಾಣುವುದಿಲ್ಲ. ಅವನು ಬೇರೆ ಏನನ್ನೂ ನೋಡುವುದಿಲ್ಲ.

ಮೊನ್ನೆ ಸಂಜೆ ಮಮತಾ ಡ್ಯೂಟಿಯಿಂದ ಬಂದು, ಖಾಕಿ ಕಳಚಿ ಗೂಟಕ್ಕೆ ಹಾಕುತ್ತ, “ಇವತ್ತು ಹತ್ತಿದ್ಲು,” ಎಂದಳು.

ಯಾರು ಎಂದು ಅವನು ಕೇಳಲಿಲ್ಲ. “ಏನಂದ್ಲು?”

“ನ್ಯಾಮತಿ ಅಂದ್ಲು. ಆಧಾರ್ ತೋರಿಸಿದ್ಲು. ನನ್ನ ಮಕ ನೋಡ್ಲಿಲ್ಲ.”

“ನೀನು?”

“ಟಿಕೆಟ್ ಕೊಟ್ಟೆ. ಸೀಟಿರ್ಲಿಲ್ಲ, ಒಬ್ಬ ಹುಡುಗನ್ನ ಎಬ್ಬಿಸಿ ಕೂರ್ಸಿದೆ.” ಅವಳು ಚೊಂಬು ತೆಗೆದುಕೊಂಡು ಬಚ್ಚಲಿನ ಕಡೆ ಹೊರಟವಳು ಬಾಗಿಲಲ್ಲಿ ನಿಂತಳು. “ಇಳಿಯೋವಾಗ ಏನೋ ಹೇಳಾಕೆ ಬಂದ್ಲು ಕಣೋ. ಕೆಳಗಿನೋರು ಹತ್ತಾಕೆ ನೂಕಿದ್ರು. ಡ್ರೈವರಿಗೆ ಬೇರೆ ಲೇಟಾಗಿತ್ತು.”

“ಮತ್ತೆ?”

“ಮತ್ತೇನು. ರೈಟ್ ಅಂದೆ.”